ಅಲುಗಾಡದ ಪಿಸ್ತೂಲು

ಜೂನ್ 3

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಕುರ್ಚಿ ಸಿಗದೆ ಗೋಡೆಗೆ ಒರಗಿರುವ ನಗಣ್ಯರೇ, ಬಾಗಿಲ ಬಳಿ ನಿಂತು ಹೊರಡಲು ನೆಪ ಹುಡುಕುತ್ತಿರುವ ಮಹನೀಯರೇ, ಮತ್ತು ಈ ಇಡೀ ಸಭೆಯಲ್ಲಿ ನಿಜಕ್ಕೂ ಹಾಜರಿರುವ ಒಬ್ಬಳೇ ಒಬ್ಬಳಾದ ಅಕ್ಕಾ,

ಇಂದಿನ ಉಪನ್ಯಾಸದ ವಿಷಯ: ನಮ್ಮ ಭಾವನ ಪಿಸ್ತೂಲು ಯಾವ ಬಗೆಯದು?

ನಿನ್ನ ಕಾಗದ ಸೋಮವಾರ ಬಂತು. ಶೂಟಿಂಗ್ ಕ್ಲಬ್ಬಿನ ಹೊಸ ಕಾರ್ಯದರ್ಶಿಯ ಕಾಗದ ಮಂಗಳವಾರ ನಮ್ಮ ವಸ್ತುಸಂಗ್ರಹಾಲಯಕ್ಕೆ ಬಂತು. ಇಬ್ಬರ ಪ್ರಶ್ನೆಯೂ ಒಂದೇ. ಹಳೆಯ ಆಯುಧಗಳಿಗೆ ಗುರುತಿನ ಚೀಟಿ ಬರೆಯುವವನು ಈ ಕಟ್ಟಡದಲ್ಲಿ ನಾನೊಬ್ಬನೇ ಆದ್ದರಿಂದ, ಮೇಲಧಿಕಾರಿ ಎರಡನೆಯ ಕಾಗದವನ್ನೂ ನನ್ನ ಮೇಜಿಗೇ ಎಸೆದು ಹೋದರು. ಪದವಿಗೆ ಓದಿದ್ದು ಪದ್ಯ, ಹೊಟ್ಟೆಗೆ ಸಿಕ್ಕಿದ್ದು ಕಬ್ಬಿಣ, ಯಾರನ್ನು ದೂರಲಿ?

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಭೆಗೆ ಗೊತ್ತಿಲ್ಲ. ಹನ್ನೊಂದು ವರ್ಷದ ಹಿಂದೆ ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯ ಸಾದಾ ಪಿಸ್ತೂಲಿನ ವಿಭಾಗದಲ್ಲಿ, ಅದೇ ಕ್ಲಬ್ಬಿನ ತರಬೇತುದಾರರಾಗಿದ್ದ ಭಾವ ಮೊದಲನೆಯವರಾಗಿ ಗೆದ್ದರು. ಆ ವಿಭಾಗಕ್ಕೆ ಇದ್ದದ್ದು ಒಂದೇ ಕಟ್ಟಳೆ: ಪಿಸ್ತೂಲು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು, ಯಾರೂ ಅರ ಹಾಕಿ ತಿದ್ದಿರಬಾರದು. ತೀರ್ಪುಗಾರ ಗೆದ್ದವರ ಪಿಸ್ತೂಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸಾದಾ ಪಿಸ್ತೂಲಾದರೆ ಗಿಲಕಿಯ ಹಾಗೆ ಗಲಗಲ ಎನ್ನಬೇಕು. ಇದು ಗಪ್‌ಚಿಪ್. ಭಾವ ತಕ್ಷಣ ‘ನಾನೇ ಮಾಡಿಸಿದ್ದು’ ಎಂದರಂತೆ. ಬಿಚ್ಚಿ ನೋಡುವ ಗೋಜಿಗೂ ಯಾರೂ ಹೋಗಲಿಲ್ಲ. ಗೆದ್ದವರ ಹಲಗೆಯಿಂದ ಹೆಸರು ಕೆರೆದರು, ಕೆಲಸದಿಂದ ಅವರನ್ನೇ ಕೆರೆದರು.

ಈಗ ಹೊಸ ಕಾರ್ಯದರ್ಶಿಗೆ ಒಂದು ಅನುಮಾನ. ಈ ಪಿಸ್ತೂಲಿನ ನಮೂನೆ ನೂರು ವರ್ಷ ಹಳೆಯದು, ಲಕ್ಷಗಟ್ಟಲೆ ತಯಾರಾಗಿದೆ. ಅದರಲ್ಲಿ ಕೆಲವೇ ಕೆಲವನ್ನು ಕಾರ್ಖಾನೆಯೇ ಸ್ಪರ್ಧೆಗೆಂದು ಒಂದೊಂದನ್ನೂ ಕೈಯಲ್ಲಿ ಬಿಗಿಮಾಡಿ ಕಳಿಸುತ್ತಿತ್ತು. ಅವು ಮ್ಯಾಚ್ ಪಿಸ್ತೂಲುಗಳು. ಹೊರಗಿನಿಂದ ನೋಡಿದರೆ ಎರಡೂ ಅವಳಿ. ಅಂಥದೊಂದು ತಪ್ಪಿ ಸಾದಾ ಪೆಟ್ಟಿಗೆಗೆ ಸೇರಿ ಭಾವನ ಕೈಗೆ ಬಂದಿದ್ದರೆ? ಆಗ ತಪ್ಪು ಕಾರ್ಖಾನೆಯ ಉಗ್ರಾಣದ್ದು, ಭಾವನದ್ದಲ್ಲ. ಹೆಸರು ಹಲಗೆಗೆ ವಾಪಸ್. ಆಗಸ್ಟ್ ಇಪ್ಪತ್ತಕ್ಕೆ ಸಭೆ. ಅಷ್ಟರೊಳಗೆ ನನ್ನ ವರದಿ ಬೇಕಂತೆ.

ಹಾಗಾಗಿ ಮೂರು ಸಾಧ್ಯತೆ. ಒಂದು, ಸಾದಾ: ಸಂಸಾರಿ. ಎರಡು, ಕಾರ್ಖಾನೆಯ ಮ್ಯಾಚ್: ಸನ್ಯಾಸಿ. ಮೂರು, ಸಾದಾ ಪಿಸ್ತೂಲನ್ನು ಯಾರೋ ಕದ್ದು ಬಿಗಿಮಾಡಿದ್ದು: ಸಂಸಾರ ಬಿಡದೆ ಕಾವಿ ತೊಟ್ಟವನು. ಗುರುತು ಹಿಡಿಯುವುದು ಹೀಗೆ. ಅಲ್ಲಾಡಿಸಿ ಕೇಳು. ತುದಿಯಲ್ಲಿ ಬ್ಯಾರೆಲ್ಲಿನ ಬಾಯನ್ನು ಹಿಡಿದಿರುವ ಬಳೆಯಂಥ ತುಂಡಿದೆ, ಬುಶ್ ಎನ್ನುತ್ತಾರೆ. ಅದು ಬೆರಳಿಗೆ ತಿರುಗುತ್ತದೋ ಇಲ್ಲವೋ ನೋಡು. ಬ್ಯಾರೆಲ್ಲಿನ ಮೇಲೂ, ಹಿಂದೆ ಮುಂದೆ ಜಾರುವ ಮೇಲಿನ ಸ್ಲೈಡಿನ ಮೇಲೂ ಕಾರ್ಖಾನೆಯ ಎರಡಕ್ಷರದ ಅಚ್ಚು ಇದೆಯೇ ನೋಡು. ಅಚ್ಚಿದ್ದರೆ ಕಾರ್ಖಾನೆ. ಅಚ್ಚಿಲ್ಲದೆ ಬಿಗಿಯಾಗಿದ್ದರೆ ಕಳ್ಳಗೈ.

ನಾನೇ ಬರಬಹುದಿತ್ತು. ರಜೆ ಇಲ್ಲ. ಇನ್ನೊಂದು ಮಾತು: ಭಾವ ಹೋದ ಮೇಲೆ ಲೈಸೆನ್ಸ್ ಇಲ್ಲದೆ ಅದು ಎಂಟು ತಿಂಗಳಿಂದ ಬಂದೂಕಿನ ಅಂಗಡಿಯಲ್ಲಿ ಬಿದ್ದಿದೆ. ಅಂಗಡಿಯವನ ಮೇಲೆ ಒಂದು ಕಣ್ಣಿಡು. ಯಾರನ್ನೂ ನಂಬಬೇಡ.

ನಿನ್ನ ತಮ್ಮ,
ಪ್ರಾಸದ ತ್ರಾಸ


ಜೂನ್ 15

ತ್ರಾಸ,

ಈ ಹೆಸರು ನಿನಗಿಟ್ಟವರು ಅವರು. ಅದನ್ನೇ ಸಹಿ ಮಾಡಿ ಕಳಿಸಿದ್ದೀಯ. ಹತ್ತು ವರ್ಷ ಅವರ ಎದುರು ಬರದವನಿಗೆ ಹೆಸರು ಮಾತ್ರ ಬೇಕಾಯಿತು.

ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ ಅಂಗಡಿಗೆ ಹೋದೆ. ಒಳಗೆ ಎಣ್ಣೆ ವಾಸನೆ, ಗಾಜಿನ ಕಪಾಟು, ಗೋಡೆಗೆ ಸರಪಳಿ ಹಾಕಿ ಬಿಗಿದ ಬಂದೂಕುಗಳು. ಅಂಗಡಿಯವನು ದಪ್ಪ ಆಸಾಮಿ, ಸ್ಟೂಲಿನ ಮೇಲೆ ಕೂತರೆ ಸ್ಟೂಲು ಕಾಣುವುದಿಲ್ಲ.

“ನೋಡೋಕಾ, ಮಾರೋಕಾ?” ಅಂದ.

“ಅಲ್ಲಾಡ್ಸೋಕೆ” ಅಂದೆ.

ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. “ಅಮ್ಮಾ, ಇಪ್ಪತ್ತೆಂಟು ವರ್ಷದಿಂದ ಅಂಗಡಿ ನಡೆಸ್ತಿದೀನಿ. ಗಂಡಸರು ಬಂದು ಗುರಿ ಹಿಡೀತಾರೆ, ಕನ್ನಡಿ ಮುಂದೆ ನಿಂತ್ಕೋತಾರೆ, ಮೀಸೆ ತೀಡ್ತಾರೆ. ಅಲ್ಲಾಡ್ಸ್ತೀನಿ ಅಂತ ಬಂದೋರು ನೀವೇ ಮೊದಲು.”

ಖಾಲಿ ಇದೆಯೆಂದು ಎರಡು ಸಲ ತೋರಿಸಿ ಕೈಗೆ ಕೊಟ್ಟ. ಇಪ್ಪತ್ತು ವರ್ಷ ನನ್ನ ಮನೆಯ ಬೀರುವಿನಲ್ಲಿದ್ದ ವಸ್ತು, ನಾನು ಮುಟ್ಟಿದ್ದು ಇದೇ ಮೊದಲು. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಏನೂ ಇಲ್ಲ. ಅಂಗಡಿಯವನು ತನ್ನದೇ ಒಂದು ಸಾದಾ ಪಿಸ್ತೂಲು ತೆಗೆದು ನನ್ನ ಇನ್ನೊಂದು ಕಿವಿಗೆ ಅಲ್ಲಾಡಿಸಿದ. ಚಮಚದ ಡಬ್ಬಿ ಬಿದ್ದ ಹಾಗಾಯಿತು.

“ವ್ಯತ್ಯಾಸ ಗೊತ್ತಾಯ್ತಾ? ನಿಮ್ಮದು ಮೌನವ್ರತ” ಅಂದ.

ಬುಶ್ ಬೆರಳಿಗೆ ಮಿಸುಕಲಿಲ್ಲ. ಹೊರಗೆಲ್ಲೂ ಎರಡಕ್ಷರದ ಅಚ್ಚು ಕಾಣಲಿಲ್ಲ. ಒಳಗೆ ಬಿಚ್ಚಿ ತೋರಿಸಲು ಅವನು ಒಪ್ಪಲಿಲ್ಲ, ಕಚೇರಿಯ ಕಾಗದ ಬೇಕಂತೆ.

ಒಂದು ಕೇಳುತ್ತೇನೆ. ಅವರು ಏನೋ ‘ಎಂದರಂತೆ’ ಎಂದು ಯಾರೋ ಹೇಳಿದ್ದನ್ನು ಕೇಳಿಸಿಕೊಂಡವನ ಹಾಗೆ ಬರೆದಿದ್ದೀಯ. ಆ ದಿನ ನೀನೂ ಅಲ್ಲಿದ್ದೆಯಲ್ಲ. ಆಗ ನೀನು ಆಯುಧಾಗಾರದ ವರ್ಕ್‌ಶಾಪಿನಲ್ಲಿ ಫಿಟ್ಟರ್, ಸ್ಪರ್ಧೆಯ ದಿನ ಪಿಸ್ತೂಲಿಡುವ ತಟ್ಟೆ ಹಿಡಿದು ತೀರ್ಪುಗಾರನ ಮೇಜಿನ ಪಕ್ಕ ನಿಂತಿದ್ದೆ. ಮುಂದಿನ ತಿಂಗಳೇ ಕೆಲಸ ಬಿಟ್ಟು ಊರು ಬಿಟ್ಟೆ. ಭಾವನಿಂದ ತಲೆ ತಗ್ಗಿಸುವ ಹಾಗಾಯಿತು, ಅದಕ್ಕೇ ಹೋದ ಎಂದು ನಾನು ಅಂದುಕೊಂಡೆ. ಅವರನ್ನು ಕಳಿಸಿಕೊಟ್ಟ ದಿನವೂ ಬಂದವನು ಚಪ್ಪಲಿ ಬಿಡದೆ ಹೋದೆ.

ನನ್ನ ಕೆಲಸ ನಿನಗೆ ಗೊತ್ತು. ದಿನಕ್ಕೆ ನಾನೂರು ಶರ್ಟಿನ ಕಾಲರು ನನ್ನ ಮೇಜಿನ ಮೇಲೆ ಹಾಯುತ್ತವೆ. ಯಾವ ಹೊಲಿಗೆ ಎಲ್ಲಿ ಜಾರಿದೆ ಎಂದು ನೋಡುವುದಷ್ಟೇ. ಕಾಗದದಲ್ಲೂ ನನಗೆ ಅದೇ ಕಾಣುತ್ತದೆ.

ಅಕ್ಕ


ಜುಲೈ 1

ಸಹೃದಯ ಸಭಿಕರೇ, ಹೃದಯವಿಲ್ಲದ ಅಕ್ಕನೇ,

ನಾನು ಅಲ್ಲಿದ್ದೆ, ನಿಜ. ತಟ್ಟೆ ಹಿಡಿದವನಿಗೆ ತಟ್ಟೆಯ ಮೇಲಿರುವುದು ಕಾಣುತ್ತದೆ, ಮಾತು ಅರ್ಧ ಕೇಳುತ್ತದೆ. ಅರ್ಧ ಕೇಳಿದ್ದನ್ನು ‘ಅಂತೆ’ ಎಂದು ಬರೆದರೆ ಪ್ರಾಮಾಣಿಕತೆ. ನೀನದನ್ನು ಜಾರಿದ ಹೊಲಿಗೆ ಎನ್ನುತ್ತೀಯ. ಇನ್ನು ಚಪ್ಪಲಿ ಬಿಡದೆ ಹೋದದ್ದು. ಬಸ್ಸು ಇತ್ತು.

ವಿಷಯಕ್ಕೆ ಬರೋಣ. ಅಂಗಡಿಯವನ ಮೇಲೆ ನನಗೆ ಮೊದಲೇ ಇದ್ದ ಗುಮಾನಿ ಈಗ ಗುಡ್ಡವಾಗಿದೆ. ಬಿಚ್ಚಿ ತೋರಿಸಲು ಯಾಕೆ ಹಿಂಜರಿದ? ಎಂಟು ತಿಂಗಳು ಸಣ್ಣ ಕಾಲವೇನಲ್ಲ. ಒಳ್ಳೆಯ ಬ್ಯಾರೆಲ್ ತೆಗೆದು ಬೇರೆ ಕೂರಿಸಿರಬಹುದು. ಅಚ್ಚಿದ್ದ ಬ್ಯಾರೆಲ್ ಈಗ ಯಾರ ಕೈಯಲ್ಲಿದೆಯೋ. ಮೌನವ್ರತ ಎಂದನಲ್ಲ, ಅದು ತಮಾಷೆಯೋ ತನಿಖೆ ತಪ್ಪಿಸುವ ತಂತ್ರವೋ? ಬಾಯಿ ಬಿಟ್ಟರೆ ಹಾಸ್ಯ, ಬೀಗ ತೆಗೆದರೆ ರಹಸ್ಯ.

ಇದರೊಂದಿಗೆ ವಸ್ತುಸಂಗ್ರಹಾಲಯದ ಕಾಗದ ಇಟ್ಟಿದ್ದೇನೆ, ಮೊಹರು ಒತ್ತಿದೆ. ಅವನು ಬಿಚ್ಚಲೇಬೇಕು. ಬಿಚ್ಚಿದಾಗ ಬ್ಯಾರೆಲ್ಲಿನ ಮೇಲೆ ಅಚ್ಚು ಹುಡುಕು. ಅಚ್ಚು ಮಸುಕಾಗಿರುವುದುಂಟು, ಯಾರೋ ಉಜ್ಜಿ ಹೊಳಪು ಕೊಟ್ಟು ಅಳಿಸಿರುವುದೂ ಉಂಟು. ಆದ್ದರಿಂದ ‘ಇಲ್ಲ’ ಎಂದು ಆತುರದಲ್ಲಿ ಬರೆಯಬೇಡ. ‘ಇದ್ದ ಹಾಗಿದೆ’ ಎಂದರೂ ನನಗೆ ಸಾಕು.

ಅಚ್ಚು ಬಿಟ್ಟು ಬೇರೇನನ್ನೂ ನೋಡುವ ಅಗತ್ಯವಿಲ್ಲ. ಒಳಗಿನ ಗೆರೆ, ಗೀರು, ಉಜ್ಜಿದ ಗುರುತು, ಇವೆಲ್ಲ ಹಳೆಯ ಪಿಸ್ತೂಲಿಗೆ ಮುಖದ ಸುಕ್ಕಿದ್ದ ಹಾಗೆ. ಅರ್ಥ ಹುಡುಕಿದರೆ ತಲೆನೋವು.

ನಮ್ಮ ವರ್ಕ್‌ಶಾಪಿನ ಹಳೆಯ ಮೇಸ್ತ್ರಿಯನ್ನು ನೋಡಲು ಹೋಗುವ ಯೋಚನೆ ನಿನಗೆ ಬಂದಿದ್ದರೆ ಬಿಟ್ಟುಬಿಡು. ವಯಸ್ಸಾಗಿದೆ, ಮರೆವು. ನಿನ್ನೆ ತಿಂದದ್ದು ನೆನಪಿರುವುದಿಲ್ಲ. ಅಲ್ಲದೆ ಆ ಕಾಲಕ್ಕೆ ವರ್ಕ್‌ಶಾಪಿನ ಕೀಲಿ ಅವರ ಸೊಂಟದಲ್ಲೇ ಇತ್ತು. ನಾನು ಯಾರ ಮೇಲೂ ಬೊಟ್ಟು ಮಾಡುತ್ತಿಲ್ಲ. ಬೊಟ್ಟು ತಾನಾಗಿಯೇ ಆ ಕಡೆ ತಿರುಗಿದರೆ ನಾನೇನು ಮಾಡಲಿ?

ನಿನ್ನ ತಮ್ಮ,
ತ್ರಾಸ


ಜುಲೈ 19

ತ್ರಾಸ,

ನೀನು ನೋಡಬೇಡ ಅಂದದ್ದನ್ನು ನೋಡಿದೆ. ಹೋಗಬೇಡ ಅಂದ ಕಡೆ ಹೋದೆ. ಚಿಕ್ಕಂದಿನಿಂದಲೂ ನೀನು ‘ಆ ಡಬ್ಬಿ ತೆಗೀಬೇಡ’ ಎಂದರೆ ಅದರಲ್ಲೇ ಏನೋ ಇರುತ್ತಿತ್ತು.

ಮೊದಲು ಅಂಗಡಿ. ನಿನ್ನ ಮೊಹರು ನೋಡಿ ಅಂಗಡಿಯವನು ಎದ್ದು ನಿಂತ, ಸ್ಟೂಲು ಕಂಡಿತು. ಹಸಿರು ಬಟ್ಟೆ ಹಾಸಿ ಒಂದೊಂದೇ ತುಂಡು ಬಿಚ್ಚಿಟ್ಟ. ಬಿಚ್ಚುವ ಮುಂಚೆ ತಾನೇ ತನ್ನ ದಾಖಲೆ ಪುಸ್ತಕ ತೆಗೆದು, ಇವರ ಪಿಸ್ತೂಲು ಒಳಗೆ ಬಂದ ದಿನ ಬರೆದ ವಿವರವನ್ನೂ ಲೈಸೆನ್ಸಿನಲ್ಲಿದ್ದ ನಂಬರನ್ನೂ ಪಿಸ್ತೂಲಿನ ಮೇಲಿದ್ದದ್ದನ್ನೂ ಪಕ್ಕಪಕ್ಕ ಹಿಡಿದು ತೋರಿಸಿದ. “ನನ್ನ ಮೇಲೆ ಯಾರಿಗಾದ್ರೂ ಡೌಟಿದ್ರೆ ಇಲ್ಲೇ ಮುಗಿಸ್ಕೊಂಡ್ಬಿಡಿ ಅಮ್ಮಾ” ಅಂದ. ನನಗೇ ಮುಜುಗರವಾಯಿತು. ಅವನ ಮೇಲಿನ ಗುಡ್ಡವನ್ನು ನೀನೇ ಇಳಿಸಿಕೋ.

ಬ್ಯಾರೆಲ್ಲಿನ ಮೇಲೆ ಅಚ್ಚು ಇಲ್ಲ. ‘ಇದ್ದ ಹಾಗೆ’ಯೂ ಇಲ್ಲ. ಆದರೆ ಬುಶ್ಶಿನ ಒಳಬದಿಯಲ್ಲಿ ಮೂರು ಅಂಕೆ ಕೊರೆದಿದೆ. ಬ್ಯಾರೆಲ್ಲಿನ ಕೆಳಗೂ ಅವೇ ಮೂರು ಅಂಕೆ. ಪಿಸ್ತೂಲಿನ ನಂಬರಿನ ಕೊನೆಯ ಮೂರು. ಸ್ಲೈಡು ಜಾರುವ ಹಳಿಗಳ ಮೇಲೆ ಸಣ್ಣ ಸಣ್ಣ ಸುತ್ತಿಗೆ ಪೆಟ್ಟು, ಅದರ ಮೇಲೆ ಅರದ ಗೆರೆ. ಬರಿಗಣ್ಣಿಗೆ ಕಾಣುವುದಿಲ್ಲ. ಕಾಲರು ನೋಡುವ ಭೂತಗನ್ನಡಿ ನನ್ನ ಚೀಲದಲ್ಲೇ ಇತ್ತು. ಪ್ಯಾಟರ್ನ್ ಕಾಗದದ ಚೂರು ಒತ್ತಿ ಮೇಲೆ ಪೆನ್ಸಿಲ್ ಉಜ್ಜಿದೆ. ಗೆರೆಗಳು ಚೆನ್ನಾಗಿ ಬಂದವು.

ಆಮೇಲೆ ಮೇಸ್ತ್ರಿ. ಈಗ ಅವರು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಮರೆವು ಎಂದಿದ್ದೆ. ನನ್ನ ಮದುವೆಯಲ್ಲಿ ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಮುನಿಸಿಕೊಂಡು ಎದ್ದುಹೋದರು ಎನ್ನುವುದನ್ನೆಲ್ಲ ಹೇಳಿದರು. ಮಗಳು ಟೀ ತಂದುಕೊಟ್ಟಳು. ಅದರಲ್ಲಿ ಸಕ್ಕರೆ ಇಲ್ಲವೆಂದು ಅವಳೊಂದಿಗೆ ಐದು ನಿಮಿಷ ಜಗಳ.

“ಮೇಸ್ತ್ರಿಗಳೇ, ಈ ಕೆಲ್ಸ ನೀವು ಮಾಡಿದ್ದಾ?” ಎಂದು ನೇರ ಕೇಳಿದೆ.

“ನಾನಾ? ಮಾಡ್ಬಾರದ ಕೆಲ್ಸನ ಅಷ್ಟು ಚೆನ್ನಾಗಿ ಮಾಡೋ ಅಭ್ಯಾಸ ನನಗಿಲ್ಲ ತಾಯಿ. ನಾನು ಕದ್ದು ಮಾಡಿದ್ರೆ ನೋಡ್ದೋರಿಗೆ ಗೊತ್ತಾಗೋ ಹಾಗೇ ಇರುತ್ತೆ.”

ಅಂಕೆಗಳ ವಿಷಯ ಹೇಳಿದೆ. ಅವರ ಕೈಲಿದ್ದ ಸ್ಕ್ರೂಡ್ರೈವರು ನಿಂತಿತು.

“ನಂಬರ್ ಹಾಕಿದಾನಾ?” ಎಂದರು. ಆಮೇಲೆ ನಗತೊಡಗಿದರು, ಕೆಮ್ಮು ಬರುವ ತನಕ. “ನೋಡಮ್ಮ, ಕದ್ದು ಮಾಡೋನು ಗುರುತು ಬಿಡ್ತಾನಾ? ಬಿಡಲ್ಲ. ಆದ್ರೆ ನನ್ನ ಬೆಂಚಲ್ಲಿ ಕಲ್ತೋನು ಬಿಡ್ತಾನೆ. ಬಿಗಿ ಮಾಡಿದ ತುಂಡು ಇನ್ನೊಂದು ಪಿಸ್ತೂಲಿಗೆ ಕೂರಲ್ಲ, ಬೆರಕೆ ಆದ್ರೆ ಎರಡೂ ಹಾಳು. ಅದಕ್ಕೆ ತುಂಡು ಕೆಳಗಿಡೋಕೆ ಮುಂಚೆ ನಂಬರು. ಹಾಕಿಲ್ಲ ಅಂದ್ರೆ ಮೊಣಕೈಗೆ ಸ್ಕೇಲಲ್ಲಿ ಹೊಡೀತಿದ್ದೆ, ಇಷ್ಟುದ್ದ ಬೆಳೆದೋರಿಗೂ! ಕೈ ತಾನಾಗೇ ಹಾಕ್ಬಿಡುತ್ತೆ. ತಲೆಗೆ ಗೊತ್ತೇ ಆಗಲ್ಲ.”

“ಹಾಗಾದ್ರೆ ನಿಮ್ಮ ಬೆಂಚಿನವರೇ.”

“ಬೆಂಚಲ್ಲಿದ್ದಿದ್ದು ಮೂರು ಜನ” ಎಂದರು. “ನಾನು, ಆ ಗೊಣಗ, ಮತ್ತೆ...” ಅಷ್ಟಕ್ಕೇ ನಿಲ್ಲಿಸಿದರು. ಗೊಣಗ ಹೋಗಿ ಎರಡು ವರ್ಷವಾಯಿತಂತೆ.

ಪೆನ್ಸಿಲ್ ಉಜ್ಜಿದ ಕಾಗದ ಕೊಟ್ಟೆ. ಕಿಟಕಿಗೆ ಹಿಡಿದು ನೋಡಿದರು. ಒಮ್ಮೆ ತಿರುಗಿಸಿದರು, ಮತ್ತೆ ತಿರುಗಿಸಿದರು. ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು.

“ನಿನ್ ತಮ್ಮ ಹೇಗಿದಾನೆ?” ಎಂದರು. “ಈಗ್ಲೂ ಪ್ರಾಸ ಕಟ್ತಾನಾ?”

ಕಟ್ಟುತ್ತಾನೆ ಎಂದೆ.

“ಯಾವ ಕೈಲಿ ಬರೀತಾನೆ?”

ಅದೇ ಕೈ ಎಂದೆ.

“ಸರಿ” ಎಂದು ಯಂತ್ರಕ್ಕೆ ಎಣ್ಣೆ ಬಿಡತೊಡಗಿದರು.

ಅಕ್ಕ


ಆಗಸ್ಟ್ 2

ಮಹಾಜನಗಳೇ, ಮಾನಿನಿಯರೇ, ಮಾನ ಉಳಿಸಿಕೊಂಡವರೇ, ಉಳಿಸಿಕೊಳ್ಳಲು ಹೊರಟವರೇ, ಮತ್ತು ಅಕ್ಕಾ,

ಶುಭ ಸಮಾಚಾರ. ವರದಿ ಸಿದ್ಧವಾಗಿದೆ. ನಿನ್ನ ವಿವರಗಳನ್ನೆಲ್ಲ ತೂಗಿ, ಅಳೆದು, ಸೋಸಿ, ಸಾಣೆ ಹಿಡಿದು ನಾನು ಬಂದ ತೀರ್ಮಾನ: ಇದು ಕಾರ್ಖಾನೆಯ ಮ್ಯಾಚ್ ಪಿಸ್ತೂಲು. ಅಲುಗಾಡುವುದಿಲ್ಲ, ಬುಶ್ ಬಿಗಿ, ತುಂಡುಗಳ ಮೇಲೆ ಸರಿಹೊಂದುವ ಅಂಕೆಗಳು. ಕಾರ್ಖಾನೆಯವರೂ ಹಾಗೇ ಅಂಕೆ ಹಾಕುತ್ತಿದ್ದರು. ಅಚ್ಚು ಕಾಣದಿರುವುದಕ್ಕೆ ಕಾರಣ: ‘ದೀರ್ಘಕಾಲದ ಬಳಕೆಯಲ್ಲಿ ಮಸುಕಾಗಿ ಅಳಿದಿರುವ ಸಂಭವ’. ‘ಸಂಭವ’ ಎಂಬ ಪದ ಎಷ್ಟು ಉಪಕಾರಿ ಗೊತ್ತೇ? ಸುಳ್ಳೂ ಅಲ್ಲ, ಮುಳ್ಳೂ ಅಲ್ಲ.

ಪರಿಣಾಮ: ಉಗ್ರಾಣದಲ್ಲಿ ಪೆಟ್ಟಿಗೆ ಅದಲುಬದಲಾಯಿತು, ಭಾವ ನಿರ್ದೋಷಿ. ‘ನಾನೇ ಮಾಡಿಸಿದ್ದು’ ಎಂದು ಅವರು ಹೇಳಿದ್ದು ಗಾಬರಿಯಲ್ಲಿ. ಇಪ್ಪತ್ತನೇ ತಾರೀಖು ಹಲಗೆಗೆ ಹೆಸರು ಬರುತ್ತದೆ. ಕಾರ್ಯದರ್ಶಿಗೆ ಇದೇ ಬೇಕು, ಕ್ಲಬ್ಬಿಗೆ ಇದೇ ಬೇಕು, ನಿನಗೂ ಇದೇ ಬೇಕಲ್ಲವೇ? ನಕಲು ಜೊತೆಗಿದೆ. ಸಹಿ ಮಾಡುವುದೊಂದೇ ಬಾಕಿ. ಲೇಖನಿ ಕೈಯಲ್ಲೇ ಇದೆ.

ಒಂದು ವೇಳೆ ಕಾರ್ಖಾನೆ ಎನ್ನುವುದಕ್ಕೆ ನಿನ್ನ ಮನಸ್ಸು ಒಪ್ಪದಿದ್ದರೆ, ಗೊಣಗನ ಹೆಸರು ಬರೆಯಬಹುದು. ಬದುಕಿದ್ದಾಗ ಎಲ್ಲದಕ್ಕೂ ಗೊಣಗುತ್ತಿದ್ದ. ಈಗ ಆಕ್ಷೇಪವಿರಲಾರದು.

ಮೇಸ್ತ್ರಿ ನನ್ನ ಆರೋಗ್ಯ ವಿಚಾರಿಸಿದ್ದಕ್ಕೆ ವಂದನೆ. ಹಾಗೆಲ್ಲ ವಿಚಾರಿಸುವ ಅಭ್ಯಾಸ ಅವರಿಗೆ ಮೊದಲು ಇರಲಿಲ್ಲ. ವಯಸ್ಸು.

ತ್ರಾಸ


ಆಗಸ್ಟ್ 9

ತಮ್ಮ,

ನಕಲು ಓದಿದೆ. ಎರಡು ಸಲ. ಭಾಷೆ ಚೆನ್ನಾಗಿದೆ.

ನಮ್ಮಲ್ಲಿ ಒಬ್ಬಳಿದ್ದಾಳೆ. ಕಾಲರಿಗೆ ಒಳಗಿನಿಂದ ಕೈಹೊಲಿಗೆ ಹಾಕುವವಳು. ಇಪ್ಪತ್ತು ಹೆಂಗಸರು ಒಂದೇ ಹೊಲಿಗೆ ಹಾಕುತ್ತಾರೆ, ಒಂದೇ ದಾರ, ಒಂದೇ ಅಳತೆ. ಆದರೆ ಇವಳ ಕಾಲರು ನಾನು ನೋಡದೆಯೂ ಎತ್ತಿಡಬಲ್ಲೆ. ಎಲ್ಲರ ಟಾಕು ಬಲಕ್ಕೆ ವಾಲಿದರೆ ಇವಳದು ಎಡಕ್ಕೆ. ಎಷ್ಟೇ ನೆಟ್ಟಗೆ ಹಾಕಿದರೂ ಅಷ್ಟೇ. ಎಡಗೈಯವಳು. ಅದನ್ನು ಬಚ್ಚಿಡಲು ಅವಳು ಮೊದಮೊದಲು ಬಹಳ ಕಷ್ಟಪಟ್ಟಳು. ಬಚ್ಚಿಡಬೇಕಾಗಿಲ್ಲ ಎಂದು ನಾನೇ ಹೇಳಿದೆ.

ನಾನು ಉಜ್ಜಿ ತಂದ ಕಾಗದದಲ್ಲಿ ಅರದ ಗೆರೆಗಳು ಇವಳ ಟಾಕಿನ ಹಾಗೆ ಒಂದೇ ಕಡೆ ವಾಲಿವೆ. ಅಂಗಡಿಯವನು ತನ್ನಲ್ಲಿದ್ದ ಬೇರೆಯವರ ಬಿಗಿಮಾಡಿದ ಪಿಸ್ತೂಲೊಂದನ್ನೂ ತೋರಿಸಿದ. ಅದರ ಗೆರೆಗಳು ಇನ್ನೊಂದು ಕಡೆ. ಮೇಸ್ತ್ರಿ ಕಾಗದವನ್ನು ಯಾಕೆ ಎರಡು ಸಲ ತಿರುಗಿಸಿದರು, ನಿನ್ನ ಎಡಗೈಯನ್ನು ಯಾಕೆ ವಿಚಾರಿಸಿದರು ಎಂದು ನನಗೆ ಆಗಲೇ ಗೊತ್ತಾಯಿತು. ನಿನಗೆ ಬರೆಯಲಿಲ್ಲ. ನೀನು ಏನು ಬರೆಯುತ್ತೀಯ ನೋಡೋಣ ಎಂದು ಕಾದೆ. ನೀನು ನಕಲು ಕಳಿಸಿದೆ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ.

ಆ ದಿನ ಅವರು ಸ್ಪರ್ಧೆಯಿಂದ ಮನೆಗೆ ಬಂದಾಗ ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. “ಯಾರು ಮಾಡ್ಕೊಟ್ಟಿದ್ದು?” ಎಂದು ಕೇಳಿದೆ.

“ಅದು ನಿನಗ್ಯಾಕೆ” ಎಂದರು.

“ಹಾಗಾದ್ರೆ ನೀವು ಮೋಸಗಾರರು.”

“ಹೂಂ” ಎಂದರು.

ಅಷ್ಟೇ. ಬೂಟು ಬಿಚ್ಚಿ ಮೂಲೆಗಿಟ್ಟರು. ಮತ್ತೆ ಆ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ. ಬೇರೆ ಮಾತೂ ಹೆಚ್ಚು ಬರಲಿಲ್ಲ. ಅವರು ಹಾರ್ಡ್‌ವೇರ್ ಅಂಗಡಿಯಲ್ಲಿ ತಂತಿ ಅಳೆದುಕೊಡುವ ಕೆಲಸಕ್ಕೆ ಸೇರಿದರು. ಕ್ಲಬ್ಬಿನ ಬೀದಿಯಲ್ಲಿ ಹಾದುಹೋಗಬೇಕಾದರೆ ಸುತ್ತು ಹಾಕಿಕೊಂಡು ಬರುತ್ತಿದ್ದರು. ಒಂದೇ ಮೇಜಿನ ಆ ಕಡೆ ಈ ಕಡೆ ಹತ್ತು ವರ್ಷ ಊಟ ಮಾಡಿದೆವು. ಉಪ್ಪು ಬೇಕೆಂದರೆ ಉಪ್ಪಿನ ಕಡೆ ನೋಡುತ್ತಿದ್ದರು, ನಾನು ಸರಿಸುತ್ತಿದ್ದೆ. ಕೊನೆಯ ವಾರ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು. ನಾನು ಹಿಡಿದುಕೊಳ್ಳಲಿಲ್ಲ, ಹಾಗೇ ಇಟ್ಟಿದ್ದೆ.

ನೀನು ವರದಿಗೆ ಸಹಿ ಮಾಡು, ಅವರ ಹೆಸರು ಹಲಗೆಗೆ ಬರಲಿ. ನಾನು ಬೇಡ ಅನ್ನುವುದಿಲ್ಲ. ಬಂದು ನೋಡಿ ಸಂತೋಷವನ್ನೂ ಪಡುತ್ತೇನೆ. ಕಾರ್ಯದರ್ಶಿಗೆ ನಿನಗೆ ಬೇಕಾದ್ದು ಬರಿ.

ನನಗೆ ನಿಜ ಬರಿ. ಆ ಕೈಯನ್ನು ನಾನು ಯಾಕೆ ಹಿಡಿಯಲಿಲ್ಲ ಎಂದು ನನಗೆ ಗೊತ್ತಾಗಬೇಕು.

ಅಕ್ಕ


ಆಗಸ್ಟ್ 16

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲಿನ

ಯಾರೂ ಇಲ್ಲ ಅಕ್ಕಾ. ಸಭೆ ಇಲ್ಲ. ನಾನೊಬ್ಬನೇ ಇದ್ದೇನೆ, ಮೇಜಿನ ಮೇಲೆ ನಿನ್ನ ಕಾಗದ ಇದೆ.

ಅದನ್ನು ಬಿಗಿ ಮಾಡಿದ್ದು ನಾನು.

ಮೇಸ್ತ್ರಿ ಮ್ಯಾಚ್ ಕೆಲಸದ ಪರೀಕ್ಷೆಯಲ್ಲಿ ನನ್ನನ್ನು ಎರಡು ಸಲ ಫೇಲು ಮಾಡಿದ್ದರು. “ನಿನ್ ಕೈ ಪದ್ಯಕ್ಕೆ ಸರಿ, ಕಬ್ಬಿಣಕ್ಕಲ್ಲ” ಎಂದು ಬೆಂಚಿನ ಎಲ್ಲರೆದುರು ಹೇಳಿದರು. ಅದೇ ವಾರ ಭಾವ ಎಣ್ಣೆ ಹಾಕಿಡು ಎಂದು ಪಿಸ್ತೂಲು ಕೊಟ್ಟುಹೋದರು. ಮೂರು ವಾರ ನನ್ನ ಹತ್ತಿರ ಇತ್ತು. ಎಲ್ಲರೂ ಊಟಕ್ಕೆ ಹೋದಾಗ ಸ್ವಲ್ಪ ಸ್ವಲ್ಪವಾಗಿ ಮಾಡಿದೆ. ಭಾವ ಗೆಲ್ಲಲಿ ಎಂದಲ್ಲ. ಗುರಿಹಲಗೆಯ ತೂತುಗಳು ಹತ್ತಿರ ಹತ್ತಿರ ಬೀಳುವುದನ್ನು ನೋಡಬೇಕಿತ್ತು. ನನ್ನ ಕೈ ಏನೆಂದು ನನಗೇ ಗೊತ್ತಾಗಬೇಕಿತ್ತು. ನಂಬರು ಹಾಕಿದ್ದು ನನಗೆ ನೆನಪೇ ಇಲ್ಲ. ನೀನು ಬರೆದ ಮೇಲೆ ಗೊತ್ತಾಯಿತು.

ಭಾವ ಅಭ್ಯಾಸಕ್ಕೆ ಹೋದ ಮೊದಲ ದಿನ ಗುರಿ ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದು ನನಗೆ ತೋರಿಸಿದರು. “ನೋಡೋ ತ್ರಾಸ, ಈ ವಯಸ್ಸಿಗೆ ಕೈ ಕೂತ್ಕೊಂಡಿದೆ” ಎಂದರು. ಚಿಕ್ಕ ಮಗುವಿನ ಹಾಗೆ ಖುಷಿಯಾಗಿದ್ದರು. ಆಗ ಹೇಳಬಹುದಿತ್ತು. ಆ ಮುಖ ನೋಡಿ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಸ್ಪರ್ಧೆಯ ದಿನ ಬೆಳಿಗ್ಗೆ ಹೇಳಲೇಬೇಕೆಂದು ಅವರ ಹಿಂದೆ ಹೋದೆ. ಯಾರೋ ಅವರಿಗೆ ಕೈ ಕುಲುಕುತ್ತಿದ್ದರು. ವಾಪಸ್ ಬಂದೆ.

ತೀರ್ಪುಗಾರ ಅಲ್ಲಾಡಿಸಿದಾಗ ಸದ್ದಿಲ್ಲ. ಭಾವ ಮೊದಲು ಪಿಸ್ತೂಲು ನೋಡಿದರು. ಅರ್ಥವಾಗಲಿಲ್ಲ ಅವರಿಗೆ. ಆಮೇಲೆ ನನ್ನ ಕಡೆ ನೋಡಿದರು. ನಾನು ತಟ್ಟೆಯನ್ನು ನೋಡುತ್ತಿದ್ದೆ. ತಟ್ಟೆ ಗಡಗಡ ಸದ್ದು ಮಾಡುತ್ತಿತ್ತು. ಅವರಿಗೆ ಅಷ್ಟು ಸಾಕಾಯಿತು. ಕೊಟ್ಟ ಆಯುಧವನ್ನು ಅಪ್ಪಣೆಯಿಲ್ಲದೆ ಅರದಲ್ಲಿ ಮುಟ್ಟಿದ ಫಿಟ್ಟರನಿಗೆ ಜೈಲು ಎಂದು ಅವರಿಗೆ ಗೊತ್ತಿತ್ತು. “ನಾನೇ ಮಾಡಿಸಿದ್ದು” ಎಂದರು. ನಾನು ಪೂರ್ತಿ ಕೇಳಿದೆ, ಅರ್ಧವಲ್ಲ. ಆ ಒಂದು ಮಾತಿನೊಳಗೆ ಹನ್ನೊಂದು ವರ್ಷ ಬಾಗಿಲು ಹಾಕಿಕೊಂಡು ಕೂತಿದ್ದೆ.

ನೀನು ಕೇಳಿದಾಗ ಅವರು ನಿನಗೂ ಹೇಳಲಿಲ್ಲ ಎನ್ನುವುದು ನನಗೆ ನಿನ್ನ ಕಾಗದದಿಂದಲೇ ತಿಳಿದದ್ದು. ನಿನಗೆ ಹೇಳಿರುತ್ತಾರೆ, ನಿನಗೆ ಗೊತ್ತಿದೆ, ಅದಕ್ಕೇ ನೀನು ನನ್ನನ್ನು ಕರೆಯುತ್ತಿಲ್ಲ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡರೆ ನನಗೆ ಬರದಿರಲು ಅನುಕೂಲವಾಗಿತ್ತು.

ಕ್ಷಮಿಸು ಎಂದು ಬರೆಯುವುದಿಲ್ಲ. ನೀನು ಅವರಿಗೆ ಹೇಳಿದ ಆ ಮಾತು ನನಗೆ ಸೇರಬೇಕಾದದ್ದು. ಅದನ್ನು ತೆಗೆದುಕೊಳ್ಳಲು ಹತ್ತೊಂಬತ್ತರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು.

ಹಳೆಯ ವರದಿ ಹರಿದುಹಾಕಿದೆ. ಹೊಸದು ನಿನ್ನೆಯೇ ಕಾರ್ಯದರ್ಶಿಗೆ ಹೋಗಿದೆ. ಪಿಸ್ತೂಲಿನ ಬಗೆ: ಸಾದಾ, ಅನಂತರ ಕೈಯಿಂದ ಬಿಗಿ ಮಾಡಿದ್ದು. ಬಿಗಿ ಮಾಡಿದವರು ಎನ್ನುವ ಕಡೆ ನನ್ನ ಹೆಸರಿದೆ. ಮಾಡಿಸಿದವರು ಎನ್ನುವ ಕಡೆ ‘ಯಾರೂ ಇಲ್ಲ’ ಎಂದು ಬರೆದು ಸಹಿ ಮಾಡಿದ್ದೇನೆ.

ಭಾವನಿಗೆ ಗೊತ್ತೇ ಇರಲಿಲ್ಲ ಅಕ್ಕಾ.

ನಿನ್ನ ತಮ್ಮ